ಅಟ್ಟ ಹತ್ತಿದ ಜೋಳದ ಚೀಲ

ನಮ್ಮೂರಿನವರು ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವುದಿಲ್ಲ, ಅವರು ಏನೇ ಕೇಳಿದರೂ ಇಲ್ಲ ಅನ್ನುವುದಿಲ್ಲ. ಈ ಎರಡು ಒಳ್ಳೆಯ ಗುಣಗಳಿಂದಲೇ ಕುಂಥುನಾಥ ಸಾವಕಾರರು ಪೇಚಿಗೆ ಸಿಕ್ಕಿದ್ದು.

ಗೋಕಾಕದಿಂದ ಕೆಳಗೆ, ಘಟಪ್ರಭೆಯ ದಂಡೆಗೇ ಅಂಟಿಕೊಂಡ ಊರು ನಮ್ಮದು. ಸಾವಕಾರರ ಕಾಳುಕಡಿಯ ಅಂಗಡಿ ಹೊಳೆಗೆ ಎದುರಾಗಿ ಇತ್ತು, ಹಿಂದೆಯೇ ಮನೆ. ತಕ್ಕಡಿ ಹಿಡಿದರೆ ಮುಳ್ಳು ನಿಲ್ಲುವ ತನಕ ಉಸಿರು ಬಿಡದ ಮನುಷ್ಯ. ಹೆಣ್ಣು ನೋಡಲು ಹೊರಟವರೂ ಅವರನ್ನು ಒಂದು ಮಾತು ಕೇಳಿ ಹೋಗುತ್ತಿದ್ದರು. ಊರು ತನ್ನ ಮಾತು ನಂಬುತ್ತದೆ ಎಂಬ ಹೆಮ್ಮೆ ಬಿಟ್ಟರೆ ಅವರಿಗೆ ಬೇರೆ ಚಟವಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ, ಮಳೆಗಾಲ ಬಂತೆಂದರೆ, ಮೇಲ್ಗಡೆ ಇದೇ ಹೊಳೆಗೆ ಕಟ್ಟಿದ ಹಿಡಕಲ್ ಡ್ಯಾಂ ಒಡೆಯಿತು ಎಂಬ ಸುದ್ದಿ ಹುಟ್ಟುತ್ತಿತ್ತು. ಡ್ಯಾಂ ಒಮ್ಮೆಯೂ ಒಡೆಯಲಿಲ್ಲ. ಗುಡ್ಡಕ್ಕೆ ಓಡುವಾಗ ಬಿದ್ದವರ ಮೊಣಕಾಲು ಮಾತ್ರ ಒಡೆದವು. ಇದನ್ನು ತಡೆಯಲು ಬೆಂಗಳೂರಿನ ಒಂದು ಸಂಸ್ಥೆ ‘ಭರವಸೆ’ ಎಂಬ ಯೋಜನೆ ತಂದಿತು. ಹಣಮಂತ ದೇವರ ಗುಡಿಯ ಮೇಲೆ ಮೈಕು ಕಟ್ಟಿದರು, ಗೋಡೆಗಳ ಮೇಲೆ ‘ಗಾಳಿಸುದ್ದಿ ನಂಬಬೇಡಿ’ ಎಂದು ಬರೆಸಿದರು, ಸಾವಕಾರರನ್ನು ಸಂಚಾಲಕರನ್ನಾಗಿ ಮಾಡಿದರು.

ವರ್ಷ ತುಂಬಿದ ಮೇಲೆ ಸಂಸ್ಥೆಯ ಶೈಲಾ ಮೇಡಂ ಜೀಪಿನಲ್ಲಿ ಮೌಲ್ಯಮಾಪನಕ್ಕೆ ಬಂದರು. ಜನರ ನಂಬಿಕೆ ಎಷ್ಟು ಬೆಳೆದಿದೆ ಎಂದು ಅಳೆಯುವುದು ಅವರ ಕೆಲಸ. ಅಳೆದದ್ದು ಸಾವಕಾರರ ಕಟ್ಟೆಯ ಮೇಲೆ ಕೂತು, ಸಾವಕಾರರ ಚಹಾ ಕುಡಿಯುತ್ತ, ಸಾವಕಾರರನ್ನು ಪಕ್ಕದಲ್ಲೇ ಕೂರಿಸಿಕೊಂಡು.

“ಇವರು ಮೈಕಿನಲ್ಲಿ ಹೇಳುವುದನ್ನು ಐದಕ್ಕೆ ಎಷ್ಟು ನಂಬುತ್ತೀರಿ?”

“ಐದಕ್ಕ ಐದ್ರಿ,” ಎಂದ ಕೆಂಚಪ್ಪ. ಮೈಕು ಶುರುವಾದ ಕೂಡಲೇ ಕಿವಿಗೆ ಟವೆಲ್ಲು ಸುತ್ತಿಕೊಳ್ಳುತ್ತಿದ್ದವನು ಇವನೇ.

“ಆರು ಕೊಟ್ರ ನಡೀತೈತೇನ್ರಿ?” ಎಂದಳು ಪಕ್ಕದ ಮನೆಯ ಮುದುಕಿ ಲಕ್ಕವ್ವ.

ಊರಿಗೆ ಊರೇ ಐದು ಕೊಟ್ಟಿತು. ಪ್ರಮಾಣಪತ್ರ ಬಂತು. ಸಾವಕಾರರು ಅದಕ್ಕೆ ಕಟ್ಟು ಹಾಕಿಸಿ ಬಾಹುಬಲಿಯ ಪಟದ ಬಾಜೂಕ್ಕೆ ತೂಗುಹಾಕಿದರು. ಗುಂಜಿ ತೂಕಕ್ಕೂ ಹುಷಾರಾಗಿದ್ದ ಮನುಷ್ಯ ಈ ಐದನ್ನು ಮಾತ್ರ ತೂಗಿ ನೋಡಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಮೇಡಂ ಎರಡನೇ ಸಲ ಅಳೆಯಲು ಬಂದರು. ಅದೇ ದಿನ ಹಾಲಿನ ಟೆಂಪೋದವನು ಗೋಕಾಕದಿಂದ ಬಂದು, ಡ್ಯಾಂ ಬಿರುಕು ಬಿಟ್ಟಿದೆ ಎಂದು ಒದರಿ ಹೋದ. ಸಾವಕಾರರು ಹಿಡಕಲ್ಲಿಗೆ ಫೋನು ಮಾಡಿದರು. ಡ್ಯಾಂ ಭದ್ರವಾಗಿದೆ, ಗೇಟು ಸಹ ತೆಗೆದಿಲ್ಲ ಎಂದರು ಅಲ್ಲಿಯವರು. ಸಾವಕಾರರು ಗುಡಿಗೆ ಓಡಿ ಮೈಕು ಹಿಡಿದರು.

“ಯಾರೂ ಹೆದರಬ್ಯಾಡ್ರಿ. ಡ್ಯಾಂ ಗಟ್ಟಿ ಐತಿ. ನಾ ಖುದ್ದ ಕೇಳೇನಿ!”

ಜನ ತಲೆಯಾಡಿಸಿದರು. ಆಮೇಲೆ ಎಲ್ಲರೂ ಮಾತಾಡಿಕೊಂಡವರ ಹಾಗೆ ಸಾವಕಾರರ ಅಂಗಡಿಯ ಕಡೆ ನಡೆದರು. ಊರಲ್ಲಿ ಹೊಳೆಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ಅವರ ಕಾಳು. ನೀರು ಬರುವುದಿದ್ದರೆ ಮೊದಲು ಏಳಬೇಕಾದದ್ದೂ ಅದೇ. ಅಲ್ಲಿ ನೋಡಿದರೆ, ಸಾವಕಾರರ ಹೆಂಡತಿ ತ್ರಿಶಲಾ ಕಾಕು ಇಬ್ಬರು ಹಮಾಲರನ್ನು ಹಚ್ಚಿ ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು.

ಅದು ಚಾತುರ್ಮಾಸದ ಕೆಲಸ. ಮಳೆಗಾಲದ ತಂಪಿಗೆ ಕಾಳಿನಲ್ಲಿ ಹುಳ ಹುಟ್ಟಿ, ಅವನ್ನು ಕೊಂದ ಪಾಪ ಸುತ್ತಿಕೊಳ್ಳಬಾರದೆಂದು ಜೈನರ ಮನೆಗಳಲ್ಲಿ ಕಾಳು ಹಸನು ಮಾಡಿ ಒಣ ಜಾಗಕ್ಕೆ ಸೇರಿಸುತ್ತಾರೆ. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆಯೇ ಮುಗಿಯುತ್ತಿತ್ತು. ಆ ವರ್ಷ ಕಾಕು ಮಗಳ ಬಾಣಂತನಕ್ಕೆಂದು ಹುಕ್ಕೇರಿಯಲ್ಲಿ ಉಳಿದು, ಹಿಂದಿನ ದಿನವಷ್ಟೇ ತಿರುಗಿ ಬಂದಿದ್ದರು. ಇದನ್ನೆಲ್ಲ ಯಾರು ಯೋಚಿಸುತ್ತಾರೆ!

“ಹೇಳೂದು ಆಚಾರ, ತಿನ್ನೂದು ಬದನಿಕಾಯಿ,” ಎಂದ ಕೆಂಚಪ್ಪ. “ಬಾಯಿ ಸುಳ್ಳ ಹೇಳಬಹುದು. ಜ್ವಾಳದ ಚೀಲ ಸುಳ್ಳ ಹೇಳತೈತೇನು?”

ಊರು ಕಾಲಿಗೆ ಬುದ್ಧಿ ಹೇಳಿತು, ಹಮಾಲರ ಸಮೇತ. ಎಲ್ಲರಿಗಿಂತ ಮೊದಲು ಗುಡ್ಡ ಏರಿದ್ದು ಮೇಡಂ ಅವರ ಜೀಪು. ಗುಡಿಯೊಳಗೆ ಸಾವಕಾರರು ಮಾತ್ರ ಕಣ್ಣು ಮುಚ್ಚಿ ನಂಬಿಕೆಯ ಮೇಲೆ ಭಾಷಣ ಮಾಡುತ್ತಲೇ ಇದ್ದರು. ಹೊರಗೆ ಬಂದರೆ ಓಣಿಯಲ್ಲಿ ಉಳಿದದ್ದು ನಾಯಿಗಳು, ಮತ್ತೆ ಕೋಳಿಗಳನ್ನು ಬುಟ್ಟಿಗೆ ತುಂಬುತ್ತಿದ್ದ ಲಕ್ಕವ್ವ.

“ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನವ್ವಾ?”

“ಐತ್ರಿ ಸಾವಕಾರ್ರ, ಐದಕ್ಕ ಐದು ಐತಿ,” ಎಂದಳು ಬುಟ್ಟಿ ಎತ್ತುತ್ತ. “ಆದ್ರ ನಿಮ್ಮ ಚೀಲ ಅಟ್ಟಾ ಹತ್ಯಾವಲ್ರಿ.”

ಆಗ ಅವರ ಮುಖ ಇಳಿದುಹೋಯಿತಂತೆ. ಮನೆಗೆ ಹೋದವರೇ ಅಟ್ಟದ ಚೀಲಗಳನ್ನು ಉರುಳಿಸಿ, ಹೊರಗೆ ಎಳೆಯತೊಡಗಿದರು. ಕಾಕು ಅಡ್ಡ ನಿಂತರು.

“ಏನ್ ಮಾಡಾಕತ್ತೀರಿ? ತೊಯ್ದು ಹುಳಾ ಬಿದ್ರ ಪಾಪ ಯಾರಿಗ್ರಿ?”

“ನನಗಿರ್ಲಿ. ಸಣ್ಣ ಮಕ್ಕಳನ್ನ ಕಟಗೊಂಡು ಮಂದಿ ಮಳ್ಯಾಗ ನಿಂತಾರ.”

ಜಿಟಿಜಿಟಿ ಮಳೆಯಲ್ಲಿ, ಹೊಳೆಯ ಮೆಟ್ಟಿಲ ಹತ್ತಿರವೇ ಚೀಲ ಒಟ್ಟಿ, ಮೇಲೆ ಛತ್ರಿ ಹಿಡಿದು ಕೂತುಬಿಟ್ಟರು. ಗುಡ್ಡದ ಮೇಲಿಂದ ಮೊದಲು ನೋಡಿದವನು ಕೆಂಚಪ್ಪ.

“ಸಾವಕಾರ್ರು ಚೀಲಾ ಹೊಳಿ ದಂಡಿಗೆ ತಂದಾರ. ಡ್ಯಾಂ ಖರೇನ ಗಟ್ಟಿ ಐತಿ, ನಡೀರಿ!”

ಊರು ಇಳಿದು ಬಂತು. ಎಲ್ಲರ ಹಿಂದೆ ಜೀಪೂ ಬಂತು. ಜೋಳ ಹಾಳಾಯಿತು, ಆ ಚಾತುರ್ಮಾಸ ಪೂರ್ತಿ ಕಾಕು ಮೌನವ್ರತ ಹಿಡಿದರು, ಗಂಡನ ಮಟ್ಟಿಗೆ ಮಾತ್ರ.

ಸಂಜೆ ಅದೇ ಕಟ್ಟೆಯ ಮೇಲೆ ಮೇಡಂ ಅಳತೆ ಮುಗಿಸಿದರು. ಮೈಕಿನ ಕರೆಗೆ ಓಗೊಟ್ಟು ಇಡೀ ಊರು ಮರಳಿತು, ಇನ್ನೂ ದೊಡ್ಡ ಮೈಕು ಕೊಡಿಸುತ್ತೇವೆ ಎಂದರು. ನಾವೆಲ್ಲ ತಲೆಯಾಡಿಸಿದೆವು, ಬಂದವರಿಗೆ ಇಲ್ಲ ಅನ್ನುವುದು ಹೇಗೆ?

“ಕೊನೆಯ ಪ್ರಶ್ನೆ ನಿಮಗೆ,” ಎಂದು ಮೇಡಂ ಸಾವಕಾರರ ಕಡೆ ತಿರುಗಿದರು. “ನಮ್ಮ ಯೋಜನೆಯನ್ನು ನೀವು ಐದಕ್ಕೆ ಎಷ್ಟು ನಂಬುತ್ತೀರಿ?”

ಸಾವಕಾರರು ಓಣಿಯತ್ತ ನೋಡಿದರು. ಜೀಪು ಗುಡ್ಡದ ದಾರಿಗೆ ಮುಖ ಮಾಡಿ ನಿಂತಿತ್ತು. ಇಂಜಿನ್ನು ಗುರುಗುಟ್ಟುತ್ತಲೇ ಇತ್ತು.

“ಮೊದಲ ಅದನ್ನ ಬಂದ್ ಮಾಡಿಸಿ, ಹೊಳಿ ಕಡೆ ಮಾರಿ ಮಾಡಿ ನಿಲ್ಲಸ್ರಿ ಮೇಡಂ,” ಎಂದರು. “ಆಮ್ಯಾಲ ಹೇಳ್ತೇನಿ.”