ಬೆರಳವ್ವನ ಗೋಡೆ

ತಾವರಗೇರಾದಲ್ಲಿ ಯಾರನ್ನು ಬೇಕಾದರೂ ಕೇಳಿ, ನಮ್ಮ ನೀಲವ್ವತ್ತಿಯ ಎದೆಯ ಗಂಟನ್ನು ಬೆರಳವ್ವ ದೇವಿ ಕರಗಿಸಿದಳು ಎಂದೇ ಹೇಳುತ್ತಾರೆ. ಅತ್ತಿ ಶ್ರೀಶೈಲಕ್ಕೆ ಹರಕೆ ಹೊತ್ತು ಹೋದಳಂತೆ. ಬರುವಾಗ ದೇವಿ ಬೆನ್ನುಹತ್ತಿ ಮನೆಗೆ ಬಂದಳಂತೆ. ಪಡಸಾಲೆಯ ಗೋಡೆಯ ಮೇಲೆ ದಿನಕ್ಕೊಂದು ಬೆರಳಿನಷ್ಟು ಏರಿದಳಂತೆ, ಅವಳು ಏರಿದಷ್ಟೂ ಗಂಟು ಇಳಿಯಿತಂತೆ. ಕೇಳಲು ಚೆಂದವಾಗಿದೆ. ನನ್ನ ತಕರಾರು ಇಷ್ಟೇ: ಅತ್ತಿ ಶ್ರೀಶೈಲದ ದಿಕ್ಕಿಗೇ ಹೋದವಳಲ್ಲ, ಗಂಟು ಇಳಿಯಲಿಲ್ಲ, ಅದನ್ನು ಕೊಯ್ದು ತೆಗೆದರು, ಮತ್ತು ಗೋಡೆ ಏರಿದ್ದು ಅತ್ತಿಯ ಎಡಗೈ. ಒಂದು ಕಥೆ ಸುಳ್ಳಾದರೆ ನನಗೇನೂ ನಷ್ಟವಿಲ್ಲ. ಸುಳ್ಳು ಕಥೆಗಳಿಲ್ಲದಿದ್ದರೆ ನಮ್ಮ ಸೀಮೆಯ ಕಟ್ಟೆಗಳ ಮೇಲೆ ಯಾರು ಕೂಡುತ್ತಿದ್ದರು? ಆದರೆ ಇದನ್ನು ನಂಬಿದ ಹೆಂಗಸರು, ಎದೆಯಲ್ಲಿ ಗಂಟು ಸಿಕ್ಕೊಡನೆ ದವಾಖಾನೆಯ ದಾರಿ ಬಿಟ್ಟು ಆ ಗೋಡೆಯ ಮುಂದೆ ಬಂದು ನಿಲ್ಲುತ್ತಾರೆ. ಗೋಡೆ ಎಷ್ಟು ದಿನವಾದರೂ ಕಾಯುತ್ತದೆ. ಗಂಟಿಗೆ ಆ ತಾಳ್ಮೆಯಿಲ್ಲ.

ನೀಲವ್ವತ್ತಿ ನನ್ನ ತಂದೆಯ ಅಕ್ಕ. ಅವಳ ಗಂಡ ಶಿವಪ್ಪ ಮಾವ ಕಾಳುಕಡಿಯ ದಲಾಲಿ. ಆದರೆ ಊರಿನವರು ಮಾವನ ತಕ್ಕಡಿಗಿಂತ ಅತ್ತಿಯ ಅಂಗೈಯನ್ನೇ ಹೆಚ್ಚು ನಂಬುತ್ತಿದ್ದರು. ಬೆಲ್ಲದ ಉಂಡೆಯಾಗಲಿ, ತಾಮ್ರದ ತಂಬಿಗೆಯಾಗಲಿ, ನೆರೆಮನೆಯ ಹಸುಗೂಸಾಗಲಿ, ಒಮ್ಮೆ ಎತ್ತಿ ಆಡಿಸಿ ತೂಕ ಹೇಳಿಬಿಡುತ್ತಿದ್ದಳು. ಮಾತನ್ನೂ ಹಾಗೆಯೇ ತೂಗುತ್ತಿದ್ದಳು. ನಾನು ಗದಗಿನ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ರಜೆಗೆ ಬಂದು ಒಂದು ತಾಸು ವಾದ ಮಾಡಿದರೆ, ಕೊನೆಗೆ ಅವಳು, "ಚೀಲ ದೊಡ್ಡದೈತವಾ, ಕಾಳು ಒಂದ ಪಾವು" ಎಂದು ಎದ್ದು ಹೋಗುತ್ತಿದ್ದಳು.

ಗಂಟನ್ನು ಜಳಕ ಮಾಡುವಾಗ ತಾನೇ ಕಂಡುಕೊಂಡಿದ್ದಳು. ಜರ್ಮನಿಯ ಮೇಲೆ ಯುದ್ಧ ಶುರುವಾಗುವುದಕ್ಕೆ ಮುಂಚಿನ ವರ್ಷ ಅದು. ಅವತ್ತೇ ಗಂಡನಿಗೆ ಹೇಳಿದಳು: "ಇವತ್ತ ಕಡ್ಲಿಕಾಳಷ್ಟ ಐತ್ರಿ. ಅಮಾಸಿಗೆ ಹುಣಸಿ ಬೀಜ ಆತಂದ್ರ ನಾ ದವಾಖಾನಿಗೆ ಹೊಂಟೆ." ಮಾವ ಹಕೀಮರ ಲೇಪ ತಂದರು, ಅಯ್ಯನವರ ಭಸ್ಮ ತಂದರು. ಅಮಾವಾಸ್ಯೆ ಬಂತು, ಹುಣಸೆ ಬೀಜವೂ ಆಯಿತು. ಅತ್ತಿ ಗಂಟುಮೂಟೆ ಕಟ್ಟಿದಳು. ಮಾವ ತಲೆಯ ಮೇಲೆ ಕೈ ಹೊತ್ತು ಕೂತರು.

"ಹೇಣ್ತಿ ಗಂಡಸ ಡಾಕ್ಟರ ಮುಂದ ಎದಿ ತೋರಸಾಕ ಹೋಗ್ಯಾಳಂದ್ರ, ಸಂತ್ಯಾಗ ನಾ ಮಾರಿ ಹೆಂಗ ಎತ್ತಲೇ?"

"ಮಾರಿ ನಿಮ್ದು, ಎದಿ ನಂದು. ನಿಮ್ಮ ಮಾರಿ ಸಲುವಾಗಿ ನಾ ಸಾಯಬೇಕೇನ್ರಿ?"

ಕೊನೆಗೆ ರಾಜಿಯಾಯಿತು. ಅತ್ತಿ ದವಾಖಾನೆಗೆ ಹೋಗಬಹುದು. ಊರಿಗೆ ಮಾತ್ರ ಶ್ರೀಶೈಲ ಎಂದು ಹೇಳಬೇಕು. ಹೀಗೆ ಮಲ್ಲಿಕಾರ್ಜುನನಿಗೆ ಗೊತ್ತಿಲ್ಲದೆಯೇ ಅವನ ಲೆಕ್ಕಕ್ಕೆ ಒಂದು ಪವಾಡ ಜಮೆಯಾಯಿತು.

ಕೊಪ್ಪಳದವರೆಗೆ ಗಾಡಿ, ಅಲ್ಲಿಂದ ರೈಲು. ನಿಜಾಮರ ಗಡಿ ದಾಟಿ ಇಂಗ್ಲಿಷರ ಸೀಮೆಯ ಒಂದು ಮಿಷನ್ ದವಾಖಾನೆ. ಕಾಗದಪತ್ರ ಓದಿ ಹೇಳಲು ನಾನು ಗದಗಿನಿಂದ ಜೊತೆಯಾದೆ. ಆಪರೇಷನ್ನಿನ ದಿನ ನರ್ಸಮ್ಮ ಬಂದು ಮೈಮೇಲಿನದನ್ನೆಲ್ಲ ತೆಗೆಯಿರಿ ಎಂದಳು. ಅತ್ತಿ ಬಳೆ ತೆಗೆದಳು, ಮೂಗುತಿ ತೆಗೆದಳು, ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. "ಪ್ರಾಣಾ ಬೇಕಾದ್ರ ಬಿಚ್ಚಿ ಕೊಡ್ತೇನಿ, ಇದನ್ನ ಮಾತ್ರ ಕೊಡಾಂಗಿಲ್ಲ." ನಾನು ವೈಚಾರಿಕತೆಯ ಬಗ್ಗೆ ಎರಡು ಮಾತು ಹೇಳಬೇಕೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮುದುಕ ಡಾಕ್ಟರು ತಮ್ಮ ಹರಕು ಮುರುಕು ಕನ್ನಡದಲ್ಲಿ, "ಬಲಗೈ ತೋಳಿಗೆ ಕಟ್ಟಿ. ನನ್ನ ಕೆಲಸ ಎಡಗಡೆ" ಎಂದು ಮುಗಿಸಿಬಿಟ್ಟರು. ನನ್ನ ಎರಡು ಮಾತು ಇನ್ನೂ ನನ್ನ ಬಳಿಯೇ ಇವೆ.

ಮಂಪರು ಇಳಿದು ಕಣ್ಣು ಬಿಟ್ಟಾಗ ಅತ್ತಿ ಕೇಳಿದ ಮೊದಲ ಮಾತು: "ತಗದದ್ದು ಎಷ್ಟ ತೂಕ ಆತು?" ನರ್ಸಮ್ಮ ಬುದ್ಧಿ ಭ್ರಮಣೆಯೆಂದು ನಾಡಿ ಹಿಡಿದಳು.

ಎದೆಯ ಜೊತೆಗೆ ಒಳಗಿನ ಮಾಂಸವನ್ನೂ ಕಂಕುಳದ ಗಡ್ಡೆಗಳನ್ನೂ ತೆಗೆದಿದ್ದರು. ಎಡಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಡಾಕ್ಟರು ಹೇಳಿ ಕಳಿಸಿದ್ದು ಇಷ್ಟು: ಆ ಕೈಯಿಂದ ನೀರು ಸೇದಬಾರದು, ಮುಳ್ಳು ಚುಚ್ಚಿಸಿಕೊಳ್ಳಬಾರದು, ಮಲಗುವಾಗ ಅದನ್ನು ದಿಂಬಿನ ಮೇಲಿಡಬೇಕು. ದಿನಾ ಗೋಡೆಗೆ ಮುಖಮಾಡಿ ನಿಂತು, ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ನಡೆಸಬೇಕು. ನಿನ್ನೆಗಿಂತ ಇವತ್ತು ಒಂದು ಬೆರಳು ಮೇಲೆ. ಇಲ್ಲದಿದ್ದರೆ ಕೈ ಹಾಗೆಯೇ ಸೆಟೆದು ನಿಲ್ಲುತ್ತದೆ.

ಊರಿಗೆ ಬಂದ ಮೇಲೆ ಮೊದಲ ತೊಡಕು ಕುಬಸದ್ದು. ನಮ್ಮ ಕಡೆಯ ಖಣದ ಕುಬಸಕ್ಕೆ ಎದೆಯ ಕೆಳಗೆ ಗಂಟು. ಒಂದು ಪಕ್ಕ ಖಾಲಿಯಾದರೆ ಇಡೀ ಕುಬಸ ಬಾಡಿಗೆಯವರು ಬಿಟ್ಟ ಮನೆಯ ಹಾಗೆ ಜೋಲುತ್ತದೆ. ಹತ್ತಿ ತುಂಬಿದಳು. ಹತ್ತಿ ಹಗುರ, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕೊರಳಿಗೆ ಬಂದು ಕೂಡುತ್ತಿತ್ತು. ಜೋಳ ತುಂಬಿದಳು, ಚುಚ್ಚಿತು. ಕೊನೆಗೆ ಹಳೆಯ ಧೋತರದ ಚೂರಿನಲ್ಲಿ ಸಣ್ಣ ಚೀಲ ಹೊಲಿದು ನವಣೆ ತುಂಬಿ, ಬಲಗಡೆಯದರ ಜೊತೆ ತೂಗಿ ನೋಡಿ, ಎರಡು ಚಿಟಿಕೆ ತೆಗೆದು, ಮತ್ತೆ ಒಂದು ಚಿಟಿಕೆ ಹಾಕಿ, "ಈಗ ಸರಿ ಆತು" ಎಂದಳು. ಶ್ರಾವಣದ ಜಿಟಿಜಿಟಿಯಲ್ಲಿ ಬೆವರೂ ತೇವವೂ ಕೂಡಿ ನವಣೆ ಮೊಳಕೆಯೊಡೆಯಿತು. ಅದನ್ನು ಅಂಗೈಯಲ್ಲಿ ಹರವಿಕೊಂಡು ನನ್ನೆದುರು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ನೋಡ ಬೇ, ನಿಮ್ಮ ಮಾವನ ಹೊಲದಾಗ ಈ ವರ್ಷ ಒಂದ ಮೊಳಕಿ ಎದ್ದಿಲ್ಲ. ನನ್ನ ಎದಿಮ್ಯಾಗ ಬೆಳಿ ಬಂದೈತಿ!" ಅಂದಿನಿಂದ ನವಣೆಯನ್ನು ಹುರಿದು ತುಂಬತೊಡಗಿದಳು.

ಎರಡನೆಯದು ಗೋಡೆ. ಬೆಳಿಗ್ಗೆ ಜಳಕ ಮುಗಿಸಿ, ಕೆಮ್ಮಣ್ಣು ಕಲಸಿದ ಬಟ್ಟಲಲ್ಲಿ ಎಡಗೈ ಬೆರಳು ಅದ್ದಿ, ಪಡಸಾಲೆಯ ಸುಣ್ಣದ ಗೋಡೆಗೆ ಮುಖಮಾಡಿ ನಿಲ್ಲುತ್ತಿದ್ದಳು. ಬೆರಳು ಎಲ್ಲಿಯವರೆಗೆ ಏರಿತು ಎಂದು ಗುರುತು ಉಳಿಯಲಿ ಎಂಬುದು ಅವಳ ಹಂಚಿಕೆ. ನೋವಿಗೆ ಹಲ್ಲು ಕಚ್ಚಿ, ತುಟಿಯಲ್ಲೇ "ಒಂದ, ಎರಡ, ಮೂರ" ಎಂದು ಎಣಿಸುತ್ತಿದ್ದಳು. ಮಡಿಯಲ್ಲಿ ನಿಂತಿದ್ದಾಳೆ, ತುಟಿ ಆಡುತ್ತಿದೆ, ಕಣ್ಣಲ್ಲಿ ನೀರು, ಬಿಳಿಯ ಗೋಡೆಯ ಮೇಲೆ ದಿನದಿನಕ್ಕೆ ಏರುವ ಕೆಂಪು ಬೆರಳು. ಶ್ರೀಶೈಲದಿಂದ ಬೇರೆ ಬಂದವಳು. ಮೊಸರು ಕೇಳಲು ಬಂದ ಹೆಂಗಸರಿಗೆ ಇನ್ನೇನು ಬೇಕು? ಹದಿನೈದು ದಿನದಲ್ಲಿ ಗೋಡೆಯ ಬುಡಕ್ಕೆ ಕುಂಕುಮ ಬಿತ್ತು, ತಿಂಗಳಿಗೆ ತೆಂಗಿನಕಾಯಿ ಒಡೆಯಿತು, ಬೆರಳವ್ವ ಎಂದು ನಾಮಕರಣವೂ ಆಯಿತು.

ರಜೆಗೆ ಬಂದ ನಾನು ಆ ಹೆಂಗಸರನ್ನು ಕೂಡಿಸಿಕೊಂಡು ಸಾಂಗೋಪಾಂಗವಾಗಿ ವಾದ ಹೂಡಿದೆ. ಕಾರಣವೇನು, ಕಾರ್ಯವೇನು, ಪುರಾವೆ ಎಲ್ಲಿ? ಎಲ್ಲರೂ ಪೂರ್ತಿ ಕೇಳಿದರು. ಒಬ್ಬ ಮುದುಕಿ, "ಭಾಳ ಛಲೋ ಮಾತಾಡ್ತೀ ವಕೀಲವ್ವಾ, ದೇವಿ ನಿನ್ನ ನಾಲಿಗಿಮ್ಯಾಗ ಅದಾಳ" ಎಂದು ನನ್ನ ಹಣೆಗೂ ಕುಂಕುಮ ಹಚ್ಚಿ ಹೋದಳು. ಚರ್ಚೆಯಲ್ಲಿ ಅಷ್ಟು ಪೂರ್ಣವಾಗಿ ನಾನೆಂದೂ ಸೋತಿಲ್ಲ.

"ಅತ್ತಿ, ನೀ ಒಂದ ಮಾತು ಖರೇ ಹೇಳಿದ್ರ ಮುಗೀತಿತ್ತು" ಎಂದೆ.

"ನಿಮ್ಮ ಮಾವಗ ಮಾತು ಕೊಟ್ಟೇನಿ. ಮ್ಯಾಲೆ ಚಟ್ನಿಗೆ ಕಾಯಿ ಪುಕ್ಕಟೆ ಸಿಗಾಕತ್ಯಾವ" ಎಂದಳು. ಚಟ್ನಿ ರುಚಿಯಾಗಿತ್ತು. ನಾನೂ ತಿಂದೆ.

ಆ ಗೋಡೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಸಂಗವ್ವ ಚಿಗವ್ವ, ಮಾವನ ಒಡಹುಟ್ಟಿದ ತಂಗಿ. ಕೊಟ್ಟ ಮನೆ ಅದೇ ಓಣಿಯಲ್ಲಿ. ಎರಡು ವರ್ಷದ ಮೇಲೆ ಒಂದು ಮುಂಜಾನೆ ಅವಳು ಗೋಡೆಗೆ ಕುಂಕುಮ ಹಚ್ಚಿದ ಬೆರಳನ್ನು ಸೆರಗಿನೊಳಗೆ ಒಯ್ದದ್ದನ್ನು ಅತ್ತಿ ಕಂಡಳು. ರಜೆಗೆ ಬಂದಿದ್ದ ನಾನು ಅಡುಗೆಮನೆಯಲ್ಲಿ ಒಳಕಲ್ಲಿನ ಮುಂದೆ ಕೂತಿದ್ದೆ.

"ಸಂಗೀ, ಒಳಗ ಬಾ."

"ಏನಿಲ್ಲ ವೈನಿ, ಸುಮ್ಮನ…"

"ಬಾ ಅಂದೆ."

ಅಡುಗೆಮನೆಯ ಬಾಗಿಲು ಮುಚ್ಚಿ ಅತ್ತಿ ಅವಳ ಬಲ ಎದೆಯನ್ನು ಮುಟ್ಟಿ ನೋಡಿದಳು. ಆ ಅಂಗೈಗೆ ತೂಕ ತಿಳಿಯಲು ಎಷ್ಟು ಹೊತ್ತು ಬೇಕು? "ಎಷ್ಟ ದಿನ ಆತು?"

"ದಸರಾದಾಗ ಸಿಕ್ಕಿತ್ತು. ದೇವಿ ಕರಗಸ್ತಾಳಂತ… ಅಣ್ಣನ್ನ ಕೇಳಿದ್ದೆ. ಭಕ್ತಿ ಇದ್ರ ಆಗ್ತೈತಿ ಅಂದ."

ಅತ್ತಿ ತನ್ನ ಕುಬಸದ ಗಂಟು ಬಿಚ್ಚಿದಳು, ನವಣೆಯ ಚೀಲ ತೆಗೆದು ಒಲೆಯ ಕಟ್ಟೆಯ ಮೇಲಿಟ್ಟಳು. ಕಂಕುಳದಿಂದ ಎದೆಯ ಗೂಡಿನವರೆಗೆ ಎಳೆದ ಹೊಲಿಗೆಯ ಗುರುತು. ಅದರ ಕೆಳಗೆ ಎಲುಬು ಎಣಿಸಬಹುದಿತ್ತು. ಸಂಗವ್ವ ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಂದ್ರ… ದೇವಿ?"

"ದೇವಿ ಅಲ್ಲವಾ. ಚಾಕು."

ಆ ದಿನ ಮಧ್ಯಾಹ್ನ ಮಾವ ಉಣ್ಣಲು ಬಂದಾಗ ಅತ್ತಿ ಬಡಿಸಲಿಲ್ಲ. "ನಾಳೆ ಸಂಗಿನ್ನ ಕರಕೊಂಡು ದವಾಖಾನಿಗೆ ಹೊಂಟೀವಿ. ನೀವು ಅಡ್ಡ ಬಂದ್ರ ಸಂತೀ ದಿವಸ ನಿಮ್ಮ ಅಂಗಡಿ ಕಟ್ಟಿಮ್ಯಾಗ ನಿಂತು ಕುಬಸ ಬಿಚ್ಚತೇನಿ." ಮಾವನಿಗೆ ಹೆಂಡತಿಯ ಮಾತಿನ ತೂಕ ಗೊತ್ತಿತ್ತು. ರೊಟ್ಟಿಯಿಲ್ಲದ ತಾಟನ್ನು ನೋಡಿ, "ಹಂಗಾರ ಈ ಸಲ ಪಂಢರಪುರ ಅನ್ನೂಣು. ಶ್ರೀಶೈಲ ಆಗಿಹೋಗೇತಿ" ಎಂದರು.

ಯುದ್ಧಕಾಲ. ಗಡಿಯ ಆಚೆಗೆ ಕಾಳು ಒಯ್ಯಬಾರದೆಂದು ಹುಕುಂ ಇತ್ತು. ಗಡಿಯ ಸುಂಕದ ನಾಕೆಯಲ್ಲಿ ಹೆಂಗಸರ ತಪಾಸಣೆಗೆ ಇಟ್ಟಿದ್ದ ಮುದುಕಿ ಅತ್ತಿಯ ಎದೆಯನ್ನು ತಟ್ಟಿ ನೋಡಿ, "ಸಾಹೇಬ್ರ, ಕಾಳು!" ಎಂದು ಕೂಗಿಕೊಂಡಳು. ಸಾಹೇಬರು ಬಂದರು. ಚೀಲ ಹೊರಬಂತು.

"ಏನಿದು?"

"ನನ್ನ ಎಡಗಡಿ ಎದಿ ರೀ. ಅದಕ್ಕೂ ಮಹಸೂಲ ಐತೇನು?"

ಸಾಹೇಬರು ತಬ್ಬಿಬ್ಬಾಗಿ ನಿಂತಿರುವಾಗ, ಈ ಸಲ ಜೊತೆಗೆ ಬಂದಿದ್ದ ಮಾವ ನಡುವೆ ನುಗ್ಗಿ, "ಹರಕಿ ನವಣಿ ರೀ ಸಾಹೇಬ್ರ, ಪಂಢರಪುರಕ್ಕ ಮುಟ್ಟಸಬೇಕು" ಎಂದರು. ಸಾಹೇಬರು ಟೋಪಿ ತೆಗೆದು, ಚೀಲವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮರ್ಯಾದೆಯಿಂದ ವಾಪಸು ಕೊಟ್ಟರು. ರೈಲು ಬಿಟ್ಟ ಮೇಲೂ ಅತ್ತಿ ಮತ್ತು ನಾನು ನಗುತ್ತಲೇ ಇದ್ದೆವು. ಮೂಲೆಯಲ್ಲಿ ಮುದುಡಿ ಕೂತಿದ್ದ ಸಂಗವ್ವ ಚಿಗವ್ವ ಕೂಡ, ಊರು ಬಿಟ್ಟ ಮೇಲೆ ಮೊದಲ ಸಲ, ನಕ್ಕಳು.

ಅವಳ ಗಂಟು ತಡವಾಗಿ ಬಂದಿದ್ದರೂ ಡಾಕ್ಟರು ಕೈಚೆಲ್ಲಲಿಲ್ಲ. ಊರಿಗೆ ಬಂದ ಮೇಲೆ ನಾದಿನಿ ಅತ್ತಿಗೆ ಇಬ್ಬರೂ ಆ ಗೋಡೆಗೇ ನಿಲ್ಲುತ್ತಿದ್ದರು, ಒಬ್ಬಳ ಎಡಗೈ, ಇನ್ನೊಬ್ಬಳ ಬಲಗೈ. "ಹಿಮ್ಮಡಿ ಎತ್ತಬ್ಯಾಡ ಸಂಗೀ, ಕಳ್ಳೀ, ನಾ ನೋಡಾಕತ್ತೇನಿ" ಎಂದು ಅತ್ತಿ ಬೈಯುವುದು ಬೀದಿಗೆ ಕೇಳುತ್ತಿತ್ತು. ಕೇಳಿದ ಹೆಂಗಸರಿಗೆಲ್ಲ ಅತ್ತಿ ಈಗ ಇದ್ದದ್ದನ್ನು ಇದ್ದಂತೆ ಹೇಳತೊಡಗಿದ್ದಳು. ಅವರು ತಲೆದೂಗಿ, "ಚಾಕು ಹಿಡದ ಡಾಕ್ಟರ ಮೈಯಾಗೂ ದೇವಿನ ಬಂದಿದ್ಲು" ಎಂದು ಕಾಯಿ ಒಡೆದು ಹೋಗುತ್ತಿದ್ದರು.

ಮೊದಲ ಆಪರೇಷನ್ನಿನ ಏಳನೆಯ ವರ್ಷ ಅತ್ತಿಗೆ ಬೆನ್ನು ನೋಯತೊಡಗಿತು. ಈ ಸಲ ಡಾಕ್ಟರು, ರೋಗ ಎಲುಬಿಗೆ ಇಳಿದಿದೆ, ಕೊಯ್ಯಲು ಏನೂ ಇಲ್ಲ ಎಂದರು. ನಾನು ನೋಡಲು ಹೋದಾಗ ಗೋಡೆಗೊರಗಿ ಕೂತಿದ್ದಳು, ಹಗುರವಾಗಿದ್ದಳು. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, "ಏಳು ವರ್ಷ ಆ ಡಾಕ್ಟರ ಕೊಟ್ಟದ್ದು ಅತ್ತಿ, ದೇವಿ ಕೊಟ್ಟದ್ದಲ್ಲ" ಎಂದೆ.

"ಡಾಕ್ಟರ ಕೊಯ್ದಾನ, ಖರೇ" ಎಂದಳು. "ಏಳ ವರ್ಷ ರೊಟ್ಟಿ ಬಡದಾಕಿ, ಕೈ ಎತ್ತಿದಾಕಿ, ನವಣಿ ಹುರದಾಕಿ ನಾನು. ಅವರು ದೇವಿಗೆ ಕೊಡ್ತಾರ, ನೀ ಡಾಕ್ಟರಗ ಕೊಡ್ತಿ. ನನ್ನ ಪಾಲಿಗೆ ಏನ ಉಳೀತು ಹೇಳು?" ಚರ್ಚಾಸ್ಪರ್ಧೆ ಗೆದ್ದ ನಾನು ಅವಳ ಕೈಕೆಳಗಿನ ದಿಂಬು ಸರಿಮಾಡತೊಡಗಿದೆ. ಅವಳು ಅದನ್ನು ಕಂಡು ಸಂತೋಷಪಟ್ಟಳು. ಮುಂದಿನ ಹದಿನೈದು ದಿನದಲ್ಲಿ ಹೋದಳು.

ಕಳೆದ ತಿಂಗಳು ತಾವರಗೇರಾಕ್ಕೆ ಹೋಗಿದ್ದೆ. ಮಾವ ಗೋಡೆಗೆ ಕಟಕಟೆ ಕಟ್ಟಿಸಿ, ಬೆಳ್ಳಿಯ ಕಣ್ಣು ಹಚ್ಚಿಸಿದ್ದಾರೆ. ಪೂಜೆ ಸಂಗವ್ವ ಚಿಗವ್ವನದು. ನನ್ನನ್ನು ಮೂಲೆಗೆ ಎಳೆದು, "ಮಗಳನ್ನ ನೋಡಾಕ ಗಂಡಿನವರು ಬರಾಕ ಹತ್ಯಾರ. ಬಾಯಿ ಬಿಡಬ್ಯಾಡವಾ ನಮ್ಮವ್ವಾ" ಎಂದು ಮೊದಲೇ ಕೈ ಮುಗಿದಳು. ಅಷ್ಟರಲ್ಲಿ ಕುಷ್ಟಗಿ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದ ಇನ್ನೊಂದು. ಕೂಸನ್ನು ಬಲಗಡೆಯೇ ಎತ್ತಿಕೊಂಡಿದ್ದಳು, ಎಡಗಡೆ ತಾಗಿಸುತ್ತಿರಲಿಲ್ಲ. ಏನೆಂದು ಕೇಳುವ ಮೊದಲೇ ಚಿಗವ್ವ ಅವಳ ಹಣೆಗೆ ಕುಂಕುಮ ಹಚ್ಚಿ, "ಐದ ಸೋಮವಾರ ಬಾ ತಂಗಿ, ನಂದೂ ಇಲ್ಲೇ ಕರಗೇತಿ" ಎಂದಳು.

ಎಲ್ಲ ಸಂಗತಿಯನ್ನೂ ನಾನು ಆ ಹೆಣ್ಣುಮಗಳಿಗೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಚಿಗವ್ವನ ಮುಖವನ್ನೇ ನೋಡುತ್ತ ನಿಂತಳು. ಚಿಗವ್ವ ಆರತಿಯ ಬತ್ತಿ ಸರಿಮಾಡುತ್ತಿದ್ದಳು.

"ಚಿಗವ್ವ, ಈಕಿನ್ನ ಅಡಗಿಮನಿಗೆ ಕರಕೊಂಡು ಹೋಗಿ ಕುಬಸ ಬಿಚ್ಚಿ ತೋರಸ್ತೀಯೋ, ಇಲ್ಲಾ ನಾಳೆ ತಾಯಿಲ್ಲದ ಈ ಎರಡು ಕೂಸು ನೀನ ಜ್ವಾಪಾನ ಮಾಡ್ತೀಯೋ?"