ಪತಿವ್ರತೆಗೆ ಕೊಟ್ಟ ಸೀರೆ

ಕೇಳಿ ಗೆಳೆಯರೇ, ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟ ನನಗೆ ಇವತ್ತು ಮೀಸೆ ಹೊತ್ತವನೊಬ್ಬ ಹೆಂಗಸರ ಬಗ್ಗೆ ಪಾಠ ಹೇಳಿದ. ಕುರಿ ಕಾಯುವ ತಿಪ್ಪಯ್ಯ ನಮ್ಮೂರ ನಾಟಕದಲ್ಲಿ ಪತಿವ್ರತೆ. ಮೀಸೆಯನ್ನು ನಾಳೆ ಬೋಳಿಸುತ್ತಾನಂತೆ. ಉಡಲು ನನ್ನ ಮದುವೆಯ ಸೀರೆ ಕೊಟ್ಟಿದ್ದೆ. ಹೇಗೆ ಉಟ್ಟಿದ್ದಾನೋ ನೋಡೋಣವೆಂದು ಬೆಳಿಗ್ಗೆ ತಾಲೀಮಿಗೆ ಹೋದೆ.

ಕಥೆಯಲ್ಲಿ ಗಂಡ ಹನ್ನೆರಡು ವರ್ಷ ಇನ್ನೊಬ್ಬಳ ಮನೆಯಲ್ಲಿದ್ದು ತಿರುಗಿ ಬರುತ್ತಾನೆ. ತಿಪ್ಪಯ್ಯ ಅವನ ಕಾಲಿಗೆ ಬಿದ್ದು, "ನನ್ನ ತಪ್ಪು ಮನ್ನಿಸಿ ಸ್ವಾಮೀ" ಎಂದು ಗೋಳಾಡಿದ.

"ತಪ್ಪು ಅವನ್ದಲ್ವೇನ್ಲಾ? ಇಷ್ಟು ದಿನ ಎಲ್ಲಿ ಸತ್ತಿದ್ದೆ ಅಂತ ಕೇಳು" ಅಂದೆ.

ನಾಟಕ ಕಲಿಸುವ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು. "ನಾಳೆ ಕಲೆಕ್ಟರ್ ದೊರೆ ನೋಡೋಕ್ ಬರ್ತಾರೆ. ಪತಿವ್ರತೆ ಆದೋಳು ಗಂಡನಿಗೆ ಎದುರು ಮಾತಾಡಂಗಿಲ್ಲಮ್ಮ."

ತಿಪ್ಪಯ್ಯ ನನ್ನ ಸೀರೆಯ ಸೆರಗಿನಲ್ಲೇ ಬೆವರು ಒರೆಸಿಕೊಂಡು, "ಹೆಂಗಸ್ರ ಮನಸು ನಿಂಗೇನ್ ಗೊತ್ತು, ಸುಮ್ಕಿರಜ್ಜಿ" ಅಂದ.

"ಸರಿ ಕಣಪ್ಪ, ಸೀರೆ ಬಿಚ್ಚು. ಅದನ್ನ ಉಟ್ಟೋಳು ನಲವತ್ತು ವರ್ಷ ಗಂಡನಿಗೆ ಎದುರು ಮಾತಾಡವ್ಳೆ. ನಿನ್ನ ಪಾತಿವ್ರತ್ಯಕ್ಕೆ ಮೈಲಿಗೆ ಆದಾತು" ಎಂದು ಅಲ್ಲೇ ಬಿಚ್ಚಿಸಿಕೊಂಡು ಬಂದೆ.

ಮೇಷ್ಟ್ರು ಈಗ ಎದುರು ಮಾತಾಡದ ಹೆಂಗಸಿನ ಸೀರೆ ಹುಡುಕುತ್ತಾ ಮನೆಮನೆ ತಿರುಗುತ್ತಿದ್ದಾರೆ. ನಮ್ಮೂರು ಮುಗಿಯಿತಂತೆ, ಪಕ್ಕದ ರತ್ನಗಿರಿಯ ಕಡೆ ಹೊರಟಿದ್ದಾರೆ. ಹಾಗೇ ಗುಡಿಬಂಡೆ, ಮಡಕಶಿರವನ್ನೂ ನೋಡಿಕೊಂಡು ಬರಲಿ. ಅಂಥವಳು ಸಿಕ್ಕರೆ ನನಗೂ ಒಮ್ಮೆ ತೋರಿಸಲಿ. ಇಷ್ಟು ವಯಸ್ಸಾದರೂ ನಾನು ಒಬ್ಬಳನ್ನೂ ಕಂಡಿಲ್ಲ.