ನಿಲ್ಲದೆ ಓಡಿದ ಪ್ರೊಸೆಸರ್

ಸುವರ್ಣಾಳ ಗಂಡ ಸಾತಪ್ಪನಿಗೆ ಬಾಯಿಗಿಂತ ಕೈ ಮುಂದೆ. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಅವನು ಫಿಟರ್. ಹಟ ಹಿಡಿದ ಮಷಿನ್ನಿಗೆ ಒಂದು ಏಟು ಕೊಟ್ಟು ಓಡಿಸಿ ಶಾಭಾಸ್ ಅನ್ನಿಸಿಕೊಂಡವನು, ಜಗತ್ತೆಲ್ಲ ಹಾಗೇ ಓಡುತ್ತದೆಂದು ತಿಳಿದುಬಿಟ್ಟಿದ್ದ. ಪಾಳಿ ಮುಗಿಸಿ ಹೆಂಡತಿಯ ಅಂಗಡಿಗೆ ಬಂದರೆ ಅಲ್ಲೂ ಅದೇ ಮದ್ದು.

ಸುವರ್ಣಾ ತೇರಗಾಂವದ ಒಕ್ಕಲು ಮನೆಯ ಮಗಳು. ಹಳಿಯಾಳದಲ್ಲಿ ಟೈಪಿಂಗ್ ಕಲಿತು, ಮದುವೆಯಾದ ಮೇಲೆ ದಾಂಡೇಲಿಯಲ್ಲಿ ಅಂಗಡಿ ಇಟ್ಟಿದ್ದಳು. ಇದ್ದದ್ದು ಒಂದೇ ಕಂಪ್ಯೂಟರ್. ಮಿಲ್ಲಿನ ಹರೆಯದ ಕೆಲಸಗಾರರು ಅದರಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದರು. ಅದೇ ಹೊತ್ತಿಗೆ ಅದೇ ಕಂಪ್ಯೂಟರಿನಲ್ಲಿ ಅವಳು ಮದುವೆಯ ವಿಡಿಯೊಗಳನ್ನು ಸೀಡಿಗೆ ಹಾಕಬೇಕು. 2003ರ ಮಾತು, ಸೀಡಿಗೆ ಭಾರೀ ಗಿರಾಕಿ. ಆದರೆ ಎರಡೂ ಒಟ್ಟಿಗೆ ನಡೆದರೆ ಕಂಪ್ಯೂಟರ್ ಕೈಕೊಡುತ್ತಿತ್ತು. ವೈರಿ ಎದುರಾದಾಗಲೇ ಆಟ ನಿಲ್ಲುವುದು, ಸೀಡಿ ಕೆಡುವುದು, ಆಡುವವರು ಬೈಯುವುದು, ಸಾತಪ್ಪ ಏಳುವುದು. ಕಂಪ್ಯೂಟರಿಗೊಂದು, ಬೈದವನಿಗೊಂದು, ಮನೆಗೆ ಹೋದ ಮೇಲೆ ಉಳಿದದ್ದೆಲ್ಲ ಸುವರ್ಣಾಳಿಗೆ. ಆಟಕ್ಕೆ ಬಂದಿದ್ದ ಲಾರಿ ಚಾಲಕ ಅಡಿವೆಯ್ಯನ ಹಲ್ಲು ಕೀಬೋರ್ಡಿನ ಮೇಲೆ ಉದುರಿದ ದಿನ ಅವಳು ತೀರ್ಮಾನಿಸಿದಳು: ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್, ತಡವರಿಸದಂಥದ್ದು, ತಂದರೆ ಈ ಹೊಡೆತ ಬಡಿತ ಮುಗಿಯುತ್ತದೆ. ಪಾಪ, ನಿಜವಾಗಿಯೂ ಹಾಗೆ ನಂಬಿದ್ದಳು.

ಹುಬ್ಬಳ್ಳಿಯ ಅಂಗಡಿಕಾರ ಚನಬಸಪ್ಪ ಎರಡು ಪ್ರೊಸೆಸರ್ ತೋರಿಸಿದ.

"ಇದರ ಗಿಗಾಹರ್ಟ್ಸ್ ಜಾಸ್ತಿ ಐತ್ರಿ, ಓಟ ಜೋರು. ಎಲ್ಲಾರೂ ಇದನ್ನ ಒಯ್ತಾರ."

"ಎಲ್ಲಾರ ಮನ್ಯಾಗ ನನ್ನ ಗಂಡ ಇಲ್ರಿ," ಎಂದಳು ಸುವರ್ಣಾ. "ಆಟಾನೂ ಹಚ್ರಿ, ಸೀಡಿನೂ ಹಚ್ರಿ. ಕಣ್ಣಿಲೆ ನೋಡೇ ಒಯ್ತೇನಿ."

ಹೆಚ್ಚು ಗಿಗಾಹರ್ಟ್ಸಿನದು ಸ್ವಲ್ಪ ಹೊತ್ತಿಗೇ ಮುಗ್ಗರಿಸಿತು. ಕಡಿಮೆಯದು ಸಲೀಸಾಗಿ ಓಡಿತು.

"ಇದರಾಗ ಕ್ಯಾಶ್ ಮೆಮರಿ ಹೆಚ್ಚೈತ್ರಿ," ಎಂದು ಚನಬಸಪ್ಪ ಒಪ್ಪಿಕೊಂಡ. "ಬೇಕಾದ್ದನ್ನ ಕೈಯಾಗ ಇಟ್ಕೊಂಡಿರ್ತೈತಿ, ಹುಡುಕಾಕ ಹೋಗೂದಿಲ್ಲ."

ಅದನ್ನೂ ಅದಕ್ಕೆ ಹೊಂದುವ ಮದರ್‌ಬೋರ್ಡನ್ನೂ ಕಟ್ಟಿಸಿಕೊಂಡು, ದಾರಿಯುದ್ದಕ್ಕೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು.

ಅದನ್ನು ಕೂಡಿಸಿದ ಸಂಜೆ ಆಟವೂ ಸೀಡಿಯೂ ಜೊತೆಜೊತೆಗೆ ನಡೆದವು. ಯಾರೂ ಬೈಯಲಿಲ್ಲ. ಸಾತಪ್ಪ ಬಂದು ಕ್ಯಾಬಿನೆಟ್ಟಿಗೆ ಕಿವಿಗೊಟ್ಟ. ಹೊಡೆಯಲು ಅಲ್ಲಿ ಏನೂ ಇರಲಿಲ್ಲ. ಆಡುವವರ ಮುಖ ನೋಡಿದ, ಆಮೇಲೆ ಹೆಂಡತಿಯ ಕಡೆ ತಿರುಗಿದ.

"ನನ್ನ ಕೇಳದ ಯಾಕ ತಂದಿ?"

ಕೂದಲು ಹಿಡಿದು ಅವಳನ್ನು ಗೋಡೆಗೆ ಬಡಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ತೆರೆಯ ಮೇಲಿನ ಆಟ ಒಂದು ಕ್ಷಣವೂ ನಿಲ್ಲಲಿಲ್ಲ, ಸೀಡಿಯೂ ಕೆಡಲಿಲ್ಲ. ಆಡುವವರೂ ತಲೆ ಎತ್ತಲಿಲ್ಲ. ಇಷ್ಟು ವರ್ಷ ತಪ್ಪು ಯಂತ್ರದ್ದೆಂದು ತಿಳಿದೆನಲ್ಲ ಎಂದು ಸುವರ್ಣಾಳಿಗೆ ಮೈಯೆಲ್ಲ ಉರಿಯಿತು.

ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಕೈಗೆ ಸಿಕ್ಕಿತು. ಅವನು ಮತ್ತೆ ಎತ್ತಿದ ಕೈಯ ಮೇಲೆ ಬಲವೆಲ್ಲ ಹಾಕಿ ಬಾರಿಸಿದಳು. ಎಲುಬು ಮುರಿಯಿತು. ಸಾತಪ್ಪ ಕಿರುಚುತ್ತ ಕುಸಿದ. ಆಡುವವರು ಈಗ ಎದ್ದು ನಿಂತರು.

"ಇವನ್ನ ದವಾಖಾನಿಗೆ ಒಯ್ರಿ," ಎಂದಳು ಅವಳು, ರಕ್ತವನ್ನೂ ಒರೆಸಿಕೊಳ್ಳದೆ. "ಯಾರು ಮುರದ್ರು ಅಂತ ಕೇಳಿದ್ರ, ನನ್ನ ಹೆಸರ ಹೇಳ್ರಿ."